ಸಹಿ ಬಂದರೆ ಸಾಕೆ?

ಸಾಕ್ಷರರೆಂದರೆ ಯಾರು? ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಅಷ್ಟು ಸರಳವಲ್ಲ. ನಮ್ಮ ದೇಶದ ಜನಗಣತಿಯವರು ಇದಕ್ಕೊಂದು ವ್ಯಾಖ್ಯೆಯನ್ನು ಗೊತ್ತುಪಡಿಸಿದ್ದಾರೆ. ಏಳು ವರ್ಷ ತುಂಬಿದವರಲ್ಲಿ ಯಾರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಲೂ ಬರೆಯಲೂ ಬಲ್ಲರೋ ಅವರು ಸಾಕ್ಷರರು. ಓದಲು ಬಂದು ಬರೆಯಲು ಬಾರದವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತಿರಬೇಕೆಂಬ ಕಟ್ಟಳೆಯೇನೂ ಇಲ್ಲ. ಮನೆಯಲ್ಲಿ ಕಲಿತಿದ್ದರೂ ನಡೆಯುತ್ತದೆ. ಹಾಗಾದರೆ ತನ್ನ ಹೆಸರನ್ನಷ್ಟೇ ಗೀಚಲು ಕಲಿತು ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟವರು ಸಾಕ್ಷರರೇ? ವ್ಯಾಖ್ಯೆಯ ಪ್ರಕಾರ ಅಲ್ಲ. ಆದರೆ ಊರಲ್ಲಿ ನಾವೆಲ್ಲರೂ "ಅವರಿಗೆ ಸಹಿ ಬರ್ತದ" ಎಂದು ಹೇಳಿ ಅವರನ್ನು ಕಲಿತವರ ಸಾಲಿಗೆ ಸೇರಿಸಿಬಿಡುತ್ತೇವೆ. ಸಹಿ ಮಾಡುವವರಿಗೆ ತಾವು ಯಾವ ಕಾಗದಕ್ಕೆ ಸಹಿ ಮಾಡುತ್ತಿದ್ದೇವೆಂಬುದು ತಿಳಿಯದಿದ್ದರೆ, ಆ ಸಹಿಗೂ ಹೆಬ್ಬೆಟ್ಟಿಗೂ ಇರುವ ಅಂತರ ಮಸಿಯ ಬಣ್ಣದ್ದು ಮಾತ್ರ.

1951ರ ಗಣತಿಯಲ್ಲಿ ದೇಶದ ನೂರು ಜನರಲ್ಲಿ ಓದುಬರಹ ಬಲ್ಲವರು ಸುಮಾರು 18 ಜನ. 1971ರಲ್ಲಿ ಇದು 34 ಆಯಿತು, 1991ರಲ್ಲಿ 52, 2011ರಲ್ಲಿ 73. ಅದೇ 2011ರ ಅಂಕಿಗಳನ್ನು ಬಿಡಿಸಿ ನೋಡಿದರೆ ಪುರುಷರಲ್ಲಿ ನೂರಕ್ಕೆ ಸುಮಾರು 81, ಮಹಿಳೆಯರಲ್ಲಿ ಸುಮಾರು 65. ಈ ಏರಿಕೆಯ ಬಹುಭಾಗ ಚಿಕ್ಕ ಮಕ್ಕಳು ಶಾಲೆ ಸೇರಿದ್ದರಿಂದ ಆದದ್ದು. ಶಾಲೆ ಸೇರುವ ವಯಸ್ಸಿನಲ್ಲಿ ದನ ಕಾದವರು, ತಮ್ಮಂದಿರನ್ನು ಎತ್ತಿಕೊಂಡು ತಿರುಗಿದ ಅಕ್ಕಂದಿರು, ಸಣ್ಣ ವಯಸ್ಸಿಗೇ ಗಂಡನ ಮನೆಗೆ ಹೋದವರು ಹಿಂದೆಯೇ ಉಳಿದರು. ಅವರಿಗಾಗಿ ಸರಕಾರಗಳು ಕಾಲಕಾಲಕ್ಕೆ ಹಾಕಿಕೊಂಡ ಯೋಜನೆಗಳೇ ವಯಸ್ಕರ ಶಿಕ್ಷಣದ ಯೋಜನೆಗಳು. ಮಹಾರಾಷ್ಟ್ರದಲ್ಲಿ ಇದಕ್ಕೆ ಪ್ರೌಢ ಶಿಕ್ಷಣವೆಂಬ ಹೆಸರು. ಗಡಿಯಾಚೆ ಕರ್ನಾಟಕದಲ್ಲಿ ಪ್ರೌಢಶಾಲೆ ಎಂದರೆ ಹೈಸ್ಕೂಲು. ಆದ್ದರಿಂದ ಕಲಬುರ್ಗಿಯ ಪತ್ರಿಕೆಯಲ್ಲಿ "ಪ್ರೌಢಶಾಲೆಗಳಿಗೆ ರಜೆ" ಎಂಬ ಸುದ್ದಿ ಕಂಡರೆ ಅಜ್ಜ ಅಜ್ಜಿಯರಿಗೆ ರಜೆ ಸಿಕ್ಕಿತೆಂದು ನಮ್ಮ ವಿದ್ಯಾರ್ಥಿಗಳು ತಿಳಿಯಬಾರದು!

ಕನ್ನಡ ನಾಡಿನಲ್ಲಿ ಈ ಕೆಲಸ ಹಳೆಯದು. 1912ರಲ್ಲಿ ಮೈಸೂರಿನ ದಿವಾನರಾದ ವಿಶ್ವೇಶ್ವರಯ್ಯನವರ ಕಾಲದಲ್ಲಿಯೇ ದೊಡ್ಡವರಿಗಾಗಿ ಅಕ್ಷರ ಶಾಲೆಗಳೂ ಸಂಚಾರಿ ಗ್ರಂಥಾಲಯಗಳೂ ಆರಂಭವಾಗಿದ್ದುವು. 1940ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತೊಡಗಿದ ಸಾಕ್ಷರತೆಯ ಕೆಲಸವೇ ಮುಂದೆ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಆ ಸಮಿತಿಯವರು ಒಂದು ಸಂಗತಿಯನ್ನು ಬೇಗ ಕಂಡುಕೊಂಡರು. ಕಲಿತ ಅಕ್ಷರಕ್ಕೆ ಓದಲು ಏನಾದರೂ ಬೇಕು; ಇಲ್ಲವಾದರೆ ಬಳಸದ ಕುಡುಗೋಲಿನಂತೆ ಅದು ತುಕ್ಕು ಹಿಡಿಯುತ್ತದೆ. ಅದಕ್ಕೆಂದೇ ಅವರು ಹೊಸದಾಗಿ ಓದಲು ಕಲಿತವರಿಗೆ 'ಬೆಳಕು' ಎಂಬ ವಾರಪತ್ರಿಕೆಯನ್ನು ನಡೆಸಿದರು. 'ಪುಸ್ತಕ ಪ್ರಪಂಚ' ಎಂಬ ಮಾಸಪತ್ರಿಕೆಯನ್ನೂ ತಂದರು.

ನಮ್ಮ ಕಡೆಗೆ ಬಂದರೆ, ಅಕ್ಕಲಕೋಟ 1948ರ ವರೆಗೆ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಆಮೇಲೆ ಅದು ಮುಂಬಯಿ ರಾಜ್ಯಕ್ಕೆ ಸೇರಿ, 1960ರ ಮೇ 1ರಂದು ಸೊಲ್ಲಾಪುರ ಜಿಲ್ಲೆಯೊಂದಿಗೆ ಮಹಾರಾಷ್ಟ್ರದ್ದಾಯಿತು. ಅದರ ಹಿಂದಿನ ವರ್ಷ, ಎಂದರೆ 1959ರಲ್ಲಿ, ಸಾತಾರಾ ಜಿಲ್ಲೆಯಲ್ಲಿ 'ಗ್ರಾಮ ಶಿಕ್ಷಣ ಮೋಹಿಮ' ಎಂಬ ಚಳವಳಿ ಆರಂಭವಾಗಿ ಮುಂದೆ ರಾಜ್ಯದ ಇತರ ಜಿಲ್ಲೆಗಳಿಗೂ ಹಬ್ಬಿತು. ಇದರ ಕ್ರಮ ಈಗಲೂ ತಿಳಿದುಕೊಳ್ಳುವಂತಹುದು. ಒಬ್ಬೊಬ್ಬರನ್ನು ಕರೆದು ಕಲಿಸುವುದಕ್ಕಿಂತ ಇಡೀ ಊರನ್ನೇ ಹಿಡಿಯುವುದು ಅವರ ಮಾರ್ಗ. 14ರಿಂದ 50 ವರ್ಷದೊಳಗಿನ ನಿರಕ್ಷರಿಗಳೆಲ್ಲರೂ ಕಲಿಯಬೇಕು. ಊರ ಶಾಲೆಯ ಶಿಕ್ಷಕರೂ ಓದುಬಲ್ಲ ತರುಣರೂ ಸಂಬಳವಿಲ್ಲದೆ ಕಲಿಸಬೇಕು. ಎಲ್ಲರೂ ಕಲಿತ ದಿನ ಊರಲ್ಲಿ 'ಗ್ರಾಮ ಗೌರವ ಸಮಾರಂಭ'. ಜಾತ್ರೆಯ ಉತ್ಸಾಹದಲ್ಲಿ ಸಮಾರಂಭ ನಡೆದು, ಇನ್ನು ಮುಂದೆ ನಮ್ಮೂರಲ್ಲಿ ನಿರಕ್ಷರತೆ ಉಳಿಯಗೊಡುವುದಿಲ್ಲವೆಂದು ಜನ ಪ್ರತಿಜ್ಞೆ ಮಾಡುತ್ತಿದ್ದರು. ಖರ್ಚು ಅತ್ಯಲ್ಪ. ಊರು ಊರಿಗೆ ಪೈಪೋಟಿ. ಇಷ್ಟು ಕಡಿಮೆ ಹಣದಲ್ಲಿ ಇಷ್ಟು ಜನರನ್ನು ಪಾಟಿಯ ಮುಂದೆ ಕೂಡಿಸಿದ ಕೆಲಸ ಅಪರೂಪದ್ದೇ ಸರಿ. ಆದರೆ ಸಮಾರಂಭ ಮುಗಿದ ಮೇಲೆ ಓದಲು ಪುಸ್ತಕವಿಲ್ಲದ ಊರುಗಳಲ್ಲಿ ಕಲಿತವರು ಕೆಲವೇ ವರ್ಷಗಳಲ್ಲಿ ಮರೆತರು. ಮೈಸೂರಿನವರು ಕಂಡುಕೊಂಡ ಸಂಗತಿ ಇಲ್ಲಿಯೂ ನಿಜವಾಯಿತು.

1978ರ ಅಕ್ಟೋಬರ 2ರಂದು, ಗಾಂಧೀಜಿಯವರ ಹುಟ್ಟುಹಬ್ಬದ ದಿನ, ಕೇಂದ್ರ ಸರಕಾರವು ರಾಷ್ಟ್ರೀಯ ಪ್ರೌಢ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. 15ರಿಂದ 35 ವರ್ಷದ ಹತ್ತು ಕೋಟಿ ಜನರಿಗೆ ಐದು ವರ್ಷಗಳಲ್ಲಿ ಓದುಬರಹ ಕಲಿಸುವುದು ಗುರಿ. ಸುಮಾರು 30 ಜನರಿಗೊಂದು ಕೇಂದ್ರ, ಕಲಿಸುವವರಿಗೆ ತಿಂಗಳಿಗೆ 50 ರೂಪಾಯಿ ಗೌರವಧನ. ಅಕ್ಷರದ ಜೊತೆಗೆ ಉದ್ಯೋಗದ ತಿಳಿವಳಿಕೆ, ತನ್ನ ಹಕ್ಕುಗಳ ಅರಿವು, ಈ ಮೂರನ್ನೂ ಸೇರಿಸಿದ್ದು ಇದರ ವಿಶೇಷ. ಎರಡೇ ವರ್ಷದಲ್ಲಿ ದಿಲ್ಲಿಯ ಸರಕಾರ ಬದಲಾಯಿತು, ಕೊಠಾರಿಯವರ ಸಮಿತಿ ಕಾರ್ಯಕ್ರಮವನ್ನು ಪರಿಶೀಲಿಸಿತು, ಹತ್ತು ಕೋಟಿಯ ಗುರಿ ದೂರವೇ ಉಳಿಯಿತು. ಹಗಲೆಲ್ಲ ಹೊಲದಲ್ಲಿ ದುಡಿದು, ರೊಟ್ಟಿ ಬಡಿದು, ಮನೆಮಂದಿಗೆಲ್ಲ ಊಟಕ್ಕಿಟ್ಟು ಆಮೇಲೆ ಕಂದೀಲಿನ ಬೆಳಕಿನಲ್ಲಿ ಅ ಆ ತಿದ್ದಬೇಕೆಂದರೆ ಯಾವ ತಾಯಿಗೆ ಎಚ್ಚರವಿರಲು ಸಾಧ್ಯ? ರಾತ್ರಿ ಶಾಲೆಯ ವೇಳೆಯನ್ನು ಗೊತ್ತುಪಡಿಸಿದವರು ರೊಟ್ಟಿ ಬಡಿಯುವವರಾಗಿರಲಿಲ್ಲವೆಂದು ತೋರುತ್ತದೆ.

ಹತ್ತು ವರ್ಷಗಳ ನಂತರ, 1988ರ ಮೇ 5ರಂದು, ರಾಷ್ಟ್ರೀಯ ಸಾಕ್ಷರತಾ ಮಿಶನ್ ಹುಟ್ಟಿತು. ಜಿಲ್ಲೆಯನ್ನೇ ಒಂದು ಘಟಕವೆಂದು ಹಿಡಿದು ಸ್ವಯಂಸೇವಕರಿಂದ ಕಲಿಸುವ ಪದ್ಧತಿ ಕೇರಳದ ಎರ್ನಾಕುಲಮ್ ಜಿಲ್ಲೆಯಲ್ಲಿ ಯಶಸ್ವಿಯಾಯಿತು. 1990ರ ಫೆಬ್ರುವರಿಯಲ್ಲಿ ಅದು ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿತು. ಆ ಬಳಿಕ ದೇಶದ ಅನೇಕ ಜಿಲ್ಲೆಗಳಲ್ಲಿ ಇದೇ ಮಾದರಿ ನಡೆಯಿತು. ಈ ಮಿಶನ್ನಿನವರು ಮಾಡಿದ ಒಳ್ಳೆಯ ಕೆಲಸವೆಂದರೆ ಸಾಕ್ಷರತೆಗೆ ಒಂದು ಅಳತೆಗೋಲು ಕೊಟ್ಟದ್ದು. ಮೂರು ಪುಸ್ತಿಕೆ, ಸುಮಾರು 200 ತಾಸುಗಳ ಕಲಿಕೆ. ಕೊನೆಯಲ್ಲಿ ಕಲಿತವರು ನಿಮಿಷಕ್ಕೆ 30 ಶಬ್ದಗಳಂತೆ ಗಟ್ಟಿಯಾಗಿ ಓದಬೇಕು, ಮನಸ್ಸಿನಲ್ಲಾದರೆ 35. ನೋಡಿ ಬರೆಯುವಾಗ ನಿಮಿಷಕ್ಕೆ 10 ಶಬ್ದ, ಹೇಳಿಸಿ ಬರೆಸಿದರೆ 7. ರಸ್ತೆಯ ಫಲಕ, ಸೂಚನೆ, ಸರಳ ವೃತ್ತಪತ್ರಿಕೆ ಓದಿ ತಿಳಿಯಬೇಕು. ನೂರರ ವರೆಗೆ ಅಂಕಿ ಓದಿ ಬರೆಯಬೇಕು. ಮೂರಂಕಿಯ ಕೂಡುವುದು ಕಳೆಯುವುದು, ಎರಡಂಕಿಯ ಗುಣಿಸುವುದು ಭಾಗಿಸುವುದು ಬರಬೇಕು. ತೂಕ, ಹಣ, ದೂರ, ಕ್ಷೇತ್ರಗಳ ಅಳತೆ ತಿಳಿಯಬೇಕು. ವಿದ್ಯಾರ್ಥಿಗಳು ಮನೆಯಲ್ಲಿ ಗಡಿಯಾರ ಮುಂದಿಟ್ಟುಕೊಂಡು ತಮ್ಮ ಮೇಲೆಯೇ ಈ ಪರೀಕ್ಷೆ ನಡೆಸಿ ನೋಡಲಿ. ಹೇಳಿಸಿ ಬರೆಯುವ ಏಳು ಶಬ್ದ ಸುಲಭ. ಭಾಗಾಕಾರದಲ್ಲಿ ನಮ್ಮವರೇ ಕೆಲವರು ತಡವರಿಸಿಯಾರು!

ಮುಂದೆ 2009ರ ಸಪ್ಟೆಂಬರ 8ರಂದು ಮುಖ್ಯವಾಗಿ ಮಹಿಳೆಯರನ್ನು ಕಣ್ಮುಂದಿಟ್ಟುಕೊಂಡು 'ಸಾಕ್ಷರ ಭಾರತ' ಆರಂಭವಾಗಿ 2018ರ ಮಾರ್ಚದ ವರೆಗೆ ನಡೆಯಿತು. ಅದರ ಸ್ಥಾನದಲ್ಲಿ 2022ರಲ್ಲಿ ಬಂದದ್ದು 'ನವಭಾರತ ಸಾಕ್ಷರತಾ ಕಾರ್ಯಕ್ರಮ'. ಜನರ ಬಾಯಲ್ಲಿ 'ಉಲ್ಲಾಸ್'. 2022ರಿಂದ 2027ರ ವರೆಗಿನ ಐದು ವರ್ಷಗಳಿಗೆ 1,037.90 ಕೋಟಿ ರೂಪಾಯಿ ಗೊತ್ತುಪಡಿಸಿ, 15 ವರ್ಷ ಮೀರಿದ ಐದು ಕೋಟಿ ನಿರಕ್ಷರಿಗಳಿಗೆ ಕಲಿಸುವ ಗುರಿ ಇಟ್ಟರು. ಭಾಗಿಸಿ ನೋಡಿದರೆ ತಲೆಗೆ ಸುಮಾರು 208 ರೂಪಾಯಿ. ಕಲಿಸುವವರಿಗೆ ಸಂಬಳವಿಲ್ಲ, ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಶಾಲೆ ಕಾಲೇಜಿನ ವಿದ್ಯಾರ್ಥಿಗಳು ಸ್ವಯಂಸೇವಕರು. ಸಾತಾರಾದ ಹಳೆಯ ಮಾರ್ಗವೇ ಹೊಸ ಹೆಸರಿನಿಂದ ಬಂದಿತೆನ್ನಬಹುದು. ಕಂದೀಲಿನ ಬದಲು ಮೊಬೈಲು ಬಂದಿದೆ.

ಇಷ್ಟೆಲ್ಲ ಯೋಜನೆಗಳನ್ನು ನೋಡಿದಾಗ ನಮ್ಮ ಗಡಿಭಾಗಕ್ಕೆ ಸಂಬಂಧಿಸಿದ ಒಂದು ತೊಡಕು ಯಾವುದರಲ್ಲಿಯೂ ನೇರವಾಗಿ ಕಾಣುವುದಿಲ್ಲ. ಜನಗಣತಿಗೆ "ಯಾವುದಾದರೂ ಒಂದು ಭಾಷೆ" ಸಾಕು. ಆದರೆ ಚಪಳಗಾಂವದಲ್ಲಿ ಬಾಳುವ ತಾಯಿಗೆ ಒಂದು ಭಾಷೆ ಸಾಕಾಗುತ್ತದೆಯೇ? ಮನೆಯಲ್ಲಿ ಆಡುವುದು ಕನ್ನಡ. ಗ್ರಾಮ ಪಂಚಾಯತಿಯ ನೋಟೀಸು, ರೇಶನ್ ಕಾರ್ಡು, ತಲಾಠಿ ಕೊಡುವ ಸಾತಬಾರಾ ಉತಾರ, ಎಸ್.ಟಿ. ಬಸ್ಸಿನ ಪಾಟಿ, ಎಲ್ಲವೂ ಮರಾಠಿ. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಕಲಬುರ್ಗಿಯ ಬಸ್ಸು ಬಂದರೆ ಅದರ ಫಲಕ ಕನ್ನಡ. ಔಷಧದ ಬಾಟಲಿ, ಬ್ಯಾಂಕಿನಿಂದ ಮೊಬೈಲಿಗೆ ಬರುವ ಸಂದೇಶ ಬಹುಮಟ್ಟಿಗೆ ಇಂಗ್ಲಿಷು. ಸೊಲ್ಲಾಪುರ ಪೇಟೆಗೆ ಹೋದರೆ ತೆಲುಗೂ ಉರ್ದುವೂ ಕಿವಿಗೆ ಬೀಳುತ್ತವೆ. ಹೀಗಿರುವಾಗ ಕನ್ನಡವನ್ನು ಚೆನ್ನಾಗಿ ಓದಬಲ್ಲ ಹೆಣ್ಣುಮಗಳೂ ಕಚೇರಿಯ ಬಾಗಿಲಲ್ಲಿ ನಿರಕ್ಷರಿಯಾಗಿ ನಿಲ್ಲುತ್ತಾಳೆ.

ಇಂತಹುದೇ ತೊಡಕನ್ನು ಇಂಗ್ಲಂಡಿನವರೂ ಎದುರಿಸಿದರು. ಎಲ್ಲರೂ ಶಾಲೆ ಕಲಿತ ದೇಶವೆಂದು ನಾವು ತಿಳಿದಿರುವ ಅಲ್ಲಿ 1999ರಲ್ಲಿ ಸರ್ ಕ್ಲಾಸ್ ಮೋಸರ್ ಎಂಬವರ ಸಮಿತಿ ವರದಿ ಕೊಟ್ಟಿತು. ವಯಸ್ಕರಲ್ಲಿ ಐವರಲ್ಲೊಬ್ಬರು, ಅಂದರೆ ಸುಮಾರು 70 ಲಕ್ಷ ಜನ, ನಿತ್ಯದ ಬಾಳಿಗೆ ಬೇಕಾದಷ್ಟು ಓದುಬರಹ ಬಲ್ಲವರಲ್ಲ. ದೂರವಾಣಿ ಪುಸ್ತಕದ ಅನುಕ್ರಮಣಿಕೆಯಲ್ಲಿ ನಳ ದುರಸ್ತಿ ಮಾಡುವವರ ಪುಟವನ್ನು ಹುಡುಕಲಾರರು! 2001ರಲ್ಲಿ ಅಲ್ಲಿಯ ಸರಕಾರ ದೊಡ್ಡದೊಂದು ಯೋಜನೆ ಹಾಕಿತು. ಅದರಲ್ಲಿ ಅಕ್ಷರ, ಭಾಷೆ, ಲೆಕ್ಕ ಎಂದು ಮೂರು ಬೇರೆ ಬೇರೆ ವಿಭಾಗಗಳು. ಶಾಲೆಯಲ್ಲಿ ಹಿಂದುಳಿದವರಿಗೆ ಅಕ್ಷರ, ಹೊರದೇಶದಿಂದ ಬಂದು, ಮನೆಯಲ್ಲಿ ಪಂಜಾಬಿಯನ್ನೋ ಬಂಗಾಲಿಯನ್ನೋ ಆಡುವವರಿಗೆ ಇಂಗ್ಲಿಷ್ ಭಾಷೆ, ಇಬ್ಬರಿಗೂ ಲೆಕ್ಕ. ಓದು ಬಾರದಿರುವುದು ಬೇರೆ, ಆ ಊರಿನ ಭಾಷೆ ಬಾರದಿರುವುದು ಬೇರೆ ಎಂಬ ವಿವೇಕ ಇದರಲ್ಲಿದೆ. ನಮ್ಮ ಜನ ಹೊರಗಿನಿಂದ ಬಂದವರಲ್ಲ, ತಲೆತಲಾಂತರದಿಂದ ಇಲ್ಲಿಯವರೇ. ಆದರೂ ಈ ವಿಂಗಡಣೆ ನಮಗೆ ಉಪಯುಕ್ತ.

ಮೊದಲು ಯಾವ ಲಿಪಿ ಕಲಿಸಬೇಕು? ಕಚೇರಿಯ ಭಾಷೆ ಮರಾಠಿಯಾದ್ದರಿಂದ ನೇರವಾಗಿ ನಾಗರಿಯನ್ನೇ ಕಲಿಸಿದರೆ ಹೊತ್ತು ಉಳಿಯುವುದೆಂದು ಕೆಲವರ ವಾದ. ನಮ್ಮ ಅಭಿಪ್ರಾಯ ಬೇರೆ. ದೊಡ್ಡವರು ಓದಲು ಕಲಿಯುವುದು ತಮಗೆ ಮೊದಲೇ ಗೊತ್ತಿರುವ ಮಾತನ್ನು ಕಾಗದದ ಮೇಲೆ ಗುರುತಿಸುವುದರಿಂದ. ಮಾತೇ ಪೂರ್ತಿ ತನ್ನದಲ್ಲದಿದ್ದರೆ ಅಕ್ಷರ ಕೂಡಿಸಿ ಓದಿದರೂ ಅರ್ಥ ಹೊಳೆಯುವುದಿಲ್ಲ. ಎರಡು ಕಷ್ಟಗಳು ಒಮ್ಮೆಲೇ ತಲೆಯ ಮೇಲೆ ಬೀಳುತ್ತವೆ. ಕನ್ನಡದಲ್ಲಿ ರ, ಗ, ಸ, ದ, ಅ ಎಂಬ ಐದೇ ಅಕ್ಷರ ಕಲಿಸಿ ನೋಡಿರಿ. ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ. ಅರಸ, ಅಗಸ, ಸರ, ದರ, ಗರಗಸ ಇಷ್ಟು ಶಬ್ದಗಳನ್ನು ಮೊದಲ ವಾರದಲ್ಲಿಯೇ ಓದಬಹುದು. "ದರ" ಎಂಬುದನ್ನು ತಾನೇ ಓದಿದ ದಿನ ಸಂತೆಗೆ ಹೋಗುವವರಿಗೆ ಅದರ ಬೆಲೆ ತಿಳಿಯುತ್ತದೆ. ಕರ್ನಾಟಕದ ಪಾಠಪುಸ್ತಕಗಳಲ್ಲಿ ಈ ಕ್ರಮ ಬಳಕೆಯಾಗಿದೆ. ಅ ಆ ಇ ಈ ಎಂದು ಋ ೠಗಳ ತನಕ ಹೋಗುವುದರೊಳಗೆ ದೊಡ್ಡವರ ತಾಳ್ಮೆ ಮುಗಿದಿರುತ್ತದೆ.

ಕನ್ನಡ ಕೈವಶವಾದ ಮೇಲೆ ನಾಗರಿ ದೂರವಿಲ್ಲ. ಎರಡೂ ಲಿಪಿಗಳ ವರ್ಣಮಾಲೆಯ ಕ್ರಮ ಒಂದೇ: ಕ ವರ್ಗ, ಚ ವರ್ಗ, ಟ ವರ್ಗ. ಉಚ್ಚರಿಸಿದಂತೆ ಬರೆಯುವ ಪದ್ಧತಿಯೂ ಒಂದೇ. ಬದಲಾಗುವುದು ಆಕಾರ ಮಾತ್ರ. ನಾಗರಿಗೆ ತಲೆಯ ಮೇಲೆ ಗೆರೆ. ನಾವು ಕೆಳಗೆ ಒತ್ತು ಕೊಡುವಲ್ಲಿ ಅವರು ಹೆಚ್ಚಾಗಿ ಅರ್ಧ ಅಕ್ಷರವನ್ನು ಪಕ್ಕಕ್ಕೆ ಜೋಡಿಸುತ್ತಾರೆ. ನಮ್ಮ ಹ್ರಸ್ವ ಎ, ಒ ಮರಾಠಿಯಲ್ಲಿ ಇಲ್ಲ. ಮೊದಲ ಪಾಠಕ್ಕೆ ನಮ್ಮೂರ ಹೆಸರೇ ಸಾಕು. ಚಪಳಗಾಂವ ಎಂಬುದನ್ನು ಒಂದು ಅಕ್ಷರವೂ ಕೆಡದಂತೆ ಎರಡೂ ಲಿಪಿಗಳಲ್ಲಿ ಬರೆಯಬಹುದು. ಬೇರೆಡೆ ಹಲವು ಭಾಷೆಗಳಿಗೆ ತೊಡಕಾಗುವ 'ಳ' ಕಾರ ಕೂಡ ಮರಾಠಿಯಲ್ಲಿ ಇದ್ದೇ ಇದೆ. ಮೇಲೆ ಕನ್ನಡ, ಕೆಳಗೆ ನಾಗರಿ, ಒಂದರ ಕೆಳಗೊಂದು ಬರೆದು ತೋರಿಸಿದರೆ ಐದು ಅಕ್ಷರಗಳು ಒಂದೇ ಸಂಜೆಗೆ ಬರುತ್ತವೆ. ಆಮೇಲೆ ಮನೆಯವರ ಹೆಸರುಗಳು, ಅಕ್ಕಲಕೋಟ, ಸೊಲ್ಲಾಪುರ, ದುಧನಿ. ಕನ್ನಡ ಶಾಲೆಯಲ್ಲಿ ಕಲಿತು ಮರಾಠಿಯನ್ನೂ ಓದುವ ನಮ್ಮ ವಿದ್ಯಾರ್ಥಿಗಳು ಈ ಕೆಲಸಕ್ಕೆ ಹೇಳಿಮಾಡಿಸಿದವರು. ಪುಣೆಯಿಂದ ಬರುವ ಯಾವ ತರಬೇತಿಯೂ ಇಷ್ಟು ಸಹಜವಾಗಿ ಎರಡು ಲಿಪಿಗಳ ನಡುವೆ ಓಡಾಡುವವರನ್ನು ಸಿದ್ಧಪಡಿಸಲಾರದು. 1961ರಲ್ಲಿ ಕ್ಯೂಬಾ ದೇಶದಲ್ಲಿ ಸುಮಾರು ಒಂದು ಲಕ್ಷ ತರುಣ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ, ರೈತರ ಮನೆಯಲ್ಲಿಯೇ ಇದ್ದು, ಹಗಲು ಹೊಲದ ಕೆಲಸ ಮಾಡಿ ಸಂಜೆ ಅಕ್ಷರ ಕಲಿಸಿದರು; ಆ ಒಂದು ವರ್ಷದ ಚಳವಳಿಯಲ್ಲಿ ಸುಮಾರು ಏಳು ಲಕ್ಷ ಜನ ಓದಲು ಕಲಿತರು. ನಮ್ಮ ಮಕ್ಕಳು ಮನೆ ಬಿಟ್ಟು ಹೋಗಬೇಕಾಗಿಯೂ ಇಲ್ಲ.

ಇನ್ನು ಲೆಕ್ಕ. ನಮ್ಮ ಹಿರಿಯರಿಗೆ ಲೆಕ್ಕ ಬರುವುದಿಲ್ಲವೆಂದು ಯಾರೂ ಹೇಳಲಾರರು. ತೊಗರಿಯ ಚೀಲಗಳ ತೂಕ, ಕೂಲಿಯ ಬಟವಡೆ, ಸೊಲ್ಲಾಪುರದಲ್ಲಿ ಸಾವಿರಕ್ಕೆ ಇಷ್ಟರಂತೆ ಬೀಡಿ ಕಟ್ಟುವ ತಾಯಂದಿರ ವಾರದ ಪಗಾರ, ಎಲ್ಲವೂ ಬಾಯಿಲೆಕ್ಕದಲ್ಲಿ ನಡೆಯುತ್ತದೆ. ಅವರು ಸೋಲುವುದು ಕಾಗದದ ಮೇಲೆ. ಮೊದಲನೆಯದಾಗಿ ಅಂಕಿಗಳ ಗೊಂದಲ: ನಾಗರಿಯ ಒಂದು ಇಂಗ್ಲಿಷಿನ ಒಂಬತ್ತರಂತೆ ಕಾಣುತ್ತದೆ. ಇಂಗ್ಲಿಷ್ ಅಂಕಿ ಮಾತ್ರ ಬಲ್ಲವರು ನಾಗರಿಯ ಕಾಗದದಲ್ಲಿ ನೂರನ್ನು ಒಂಬೈನೂರೆಂದು ಓದಿದರೆ ಆಶ್ಚರ್ಯವಿಲ್ಲ.

ಎರಡನೆಯದು ಭೂಮಿಯ ಅಳತೆ. ನಮ್ಮ ಬಾಯಲ್ಲಿ ಎಕರೆ, ಗುಂಟೆ. ಉತಾರದಲ್ಲಿ ಹೆಕ್ಟರ್, ಆರ್. ಎರಡೆಕರೆ ಹೊಲದವರ ಉತಾರದಲ್ಲಿ 0.81 ಎಂದಿರುತ್ತದೆ. "ನನ್ನದು ಎರಡು ಎಕರೆ, ಇಲ್ಲಿ ಒಂದೂ ಇಲ್ಲವಲ್ಲ" ಎಂದು ಹೌಹಾರುವವರೂ ಉಂಟು. ನಿಜವಾಗಿಯೇ ಕಡಿಮೆ ಬರೆದಿದ್ದರೂ ತಿಳಿಯದೆ ಸುಮ್ಮನಿರುವವರೂ ಉಂಟು. ಇದಕ್ಕೊಂದು ಸುಲಭ ಉಪಾಯವಿದೆ. ಒಂದು ಎಕರೆಗೆ 40 ಗುಂಟೆ, ಒಂದು ಹೆಕ್ಟರಿಗೆ 100 ಆರ್. ಗುಂಟೆಯೂ ಆರೂ ಹೆಚ್ಚುಕಡಿಮೆ ಒಂದೇ ಅಳತೆ, ಗುಂಟೆ ನೂರಕ್ಕೆ ಒಂದರಷ್ಟು ದೊಡ್ಡದು. ಆದ್ದರಿಂದ ಹೊಲವನ್ನು ಗುಂಟೆಗೆ ತಿರುಗಿಸಿರಿ. ಎರಡೆಕರೆ ಎಂದರೆ 80 ಗುಂಟೆ. 80ಕ್ಕೆ ಸುಮಾರು ಒಂದು ಸೇರಿಸಿದರೆ 81 ಆರ್. ಐದೆಕರೆ ಎಂದರೆ 200 ಗುಂಟೆ, ಸುಮಾರು 202 ಆರ್; ಉತಾರದಲ್ಲಿ 2.02. ಅಣ್ಣತಮ್ಮಂದಿರ ವಾಟ್ನಿಯ ಸಮಯದಲ್ಲಿ ಈ ಒಂದು ಲೆಕ್ಕ ಬಂದರೆ ಎಷ್ಟೋ ಜಗಳ ನಿಲ್ಲುತ್ತವೆ.

ಮೂರನೆಯದು ಬಡ್ಡಿ. ಖಾಸಗಿ ಸಾಲಗಾರರು "ಮೂರು ರೂಪಾಯಿ ಬಡ್ಡಿ" ಎನ್ನುತ್ತಾರೆ, ಬ್ಯಾಂಕಿನವರು "ಶೇಕಡಾ 12" ಎನ್ನುತ್ತಾರೆ. ಹನ್ನೆರಡಕ್ಕಿಂತ ಮೂರು ಸಣ್ಣದಲ್ಲವೆ? ಆದರೆ ಮೂರು ರೂಪಾಯಿ ನೂರಕ್ಕೆ ತಿಂಗಳಿನದು, ಹನ್ನೆರಡು ನೂರಕ್ಕೆ ವರ್ಷದ್ದು. ಹತ್ತು ಸಾವಿರ ತಂದರೆ ಒಂದು ಕಡೆ ವರ್ಷಕ್ಕೆ 3,600 ರೂಪಾಯಿ ಬಡ್ಡಿ, ಇನ್ನೊಂದು ಕಡೆ 1,200. ಬಚತ ಗಟದ ತಾಯಂದಿರು ಇದನ್ನು ಬೇಗ ಗ್ರಹಿಸುತ್ತಾರೆ. ಅವರಲ್ಲಿ ಪಾಸಬುಕ್ಕು ಓದಬಲ್ಲ ಒಬ್ಬರಿದ್ದರೆ ಉಳಿದ ಒಂಬತ್ತು ಜನ ಅವರನ್ನೇ ನಂಬುತ್ತಾರೆ. ಹತ್ತೂ ಜನ ಓದಬಲ್ಲವರಾದರೆ ನಂಬಿಕೆಯ ಜೊತೆಗೆ ತಾಳೆ ನೋಡುವುದಕ್ಕೂ ಆಗುತ್ತದೆ.

ಕಲಿಯಬಯಸುವ ಮನೆಯವರಿಗೆ ಕೆಲವು ವಿವರಗಳು. 'ಉಲ್ಲಾಸ್' ಪರೀಕ್ಷೆ ಒಟ್ಟು 150 ಅಂಕಗಳದು: ಓದುವುದಕ್ಕೆ 50, ಬರೆಯುವುದಕ್ಕೆ 50, ಲೆಕ್ಕಕ್ಕೆ 50. ಪ್ರತಿಯೊಂದರಲ್ಲೂ ನೂರಕ್ಕೆ 33ರಂತೆ ಪಡೆದರೆ ಉತ್ತೀರ್ಣರು, ಪ್ರಮಾಣಪತ್ರ ಬರುತ್ತದೆ. ಒಂದು ವಿಷಯದಲ್ಲಿ ಹಿಂದೆ ಬಿದ್ದವರು ಮತ್ತೆ ಬರೆಯಬಹುದು. ಮಹಾರಾಷ್ಟ್ರದಲ್ಲಿ ಮೊದಲನೆಯ ಪರೀಕ್ಷೆ 2024ರ ಮಾರ್ಚ 17ರಂದು ನಡೆಯಿತು. ಮಾರ್ಚ ಎಂದರೆ ನಮ್ಮಲ್ಲಿ ಬಿಳಿಜೋಳದ ಸುಗ್ಗಿ. ಜೋಳ ಕೀಳುವ ದಿನಗಳಲ್ಲಿ ಹೊಸದಾಗಿ ಪಾಟಿ ಹಿಡಿಯುವುದು ಯಾರಿಂದಲೂ ಆಗದು. ಆದ್ದರಿಂದ ಮೊದಲೇ ತೊಡಗಬೇಕು. ಮಿಶನ್ನಿನವರ 200 ತಾಸುಗಳ ಹಳೆಯ ಅಂದಾಜನ್ನೇ ಹಿಡಿದರೆ, ನಾಗರಪಂಚಮಿಯ ಮರುದಿನ ಆರಂಭಿಸಿ ದಿನಕ್ಕೆ ಒಂದು ತಾಸಿನಂತೆ ಕಲಿತರೆ ಫೆಬ್ರುವರಿ ತಿಂಗಳ ಒಳಗಾಗಿ ಪಾಠ ಮುಗಿಯುತ್ತದೆ. ಗಂಡಸರಿಗೆ ರಾತ್ರಿ ಊಟವಾದ ಮೇಲೆ ಅನುಕೂಲ. ತಾಯಂದಿರಿಗೆ ಯಾವ ಹೊತ್ತು ಬಿಡುವೆಂಬುದನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕು. ಮನೆಯಲ್ಲಿ ಕಲಿಸಲು ಸಿದ್ಧರಿರುವ ಎಂಟು, ಒಂಬತ್ತು, ಹತ್ತನೆಯ ಇಯತ್ತೆಯ ವಿದ್ಯಾರ್ಥಿಗಳು ಕಲಿಯುವವರ ಹೆಸರು, ವಯಸ್ಸು, ಮತ್ತು ಅವರಿಗೆ ಬಿಡುವಾಗುವ ವೇಳೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತಮ್ಮ ವರ್ಗಶಿಕ್ಷಕರಿಗೆ ಕೊಡಲಿ.